ನಾಡಿನ ನುಡಿ ಕಲಿತ ಹೆಣ್ಣುಮಕ್ಕಳು

"ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ" ಎಂಬ ಮಾತನ್ನು ನಾವು ಶಾಲೆಯ ಗೋಡೆಗಳ ಮೇಲೆ ಬರೆಸುತ್ತೇವೆ, ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳಿಂದ ಹೇಳಿಸುತ್ತೇವೆ. ಆದರೆ ಶ್ರೀಗಂಧದ ಕಾವಲ್‌ನಲ್ಲಿ ಮಕ್ಕಳಿಗೆ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಪೋಷಕರ ಸಭೆಯಲ್ಲಿ ಬೇರೆ ಮಾತೂ ಕೇಳಿಸುತ್ತದೆ. "ಮಿಸ್, ಉರ್ದು ಓದೋಕೆ ಬಂದ್ರೆ ಸಾಕು. ಹುಡುಗಿಗೆ ಅಷ್ಟೊಂದು ಕನ್ನಡ ಯಾಕೆ? ನಾಳೆ ಮದುವೆಯಾಗಿ ಹೋಗೋಳು" ಎಂದು ತಾಯಿಯೊಬ್ಬರು ಒಮ್ಮೆ ಕೇಳಿದರು. ಅಂದು ಅವರಿಗೆ ತಕ್ಕ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಇತಿಹಾಸದಲ್ಲಿ ಆ ಉತ್ತರವಿದೆ.

ಮೊದಲು ಬಂಗಾಳದ ಕಡೆ ನೋಡೋಣ. ಬೇಗಂ ರೊಕೇಯಾ 1880ರಲ್ಲಿ ರಂಗಪುರ ಜಿಲ್ಲೆಯ ಪೈರಾಬಂದ್‌ನಲ್ಲಿ ಹುಟ್ಟಿದರು. ಇಂದು ಅದು ಬಾಂಗ್ಲಾದೇಶದಲ್ಲಿದೆ. ಅಂದಿನ ಶ್ರೀಮಂತ ಮುಸ್ಲಿಂ ಮನೆತನಗಳಲ್ಲಿ ಹೆಣ್ಣುಮಕ್ಕಳು ಬಂಗಾಳಿ ಕಲಿಯುವುದು ಗೌರವವೆನಿಸುತ್ತಿರಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ, ದೀಪದ ಬೆಳಕಿನಲ್ಲಿ ಅಣ್ಣನೇ ತಂಗಿಗೆ ಬಂಗಾಳಿ ಮತ್ತು ಇಂಗ್ಲಿಷ್ ಕಲಿಸಿದ. ಮುಂದೆ ಪತಿಯನ್ನು ಕಳೆದುಕೊಂಡ ರೊಕೇಯಾ 1911ರಲ್ಲಿ ಕಲ್ಕತ್ತಾದಲ್ಲಿ ಪತಿ ಸಖಾವತ್ ಹುಸೇನ್ ಅವರ ಹೆಸರಿನಲ್ಲಿ ಬಾಲಕಿಯರ ಶಾಲೆ ತೆರೆದರು. ಆಗ ಅಲ್ಲಿದ್ದವರು ಕೇವಲ 8 ಮಂದಿ ವಿದ್ಯಾರ್ಥಿನಿಯರು. ಮನೆಮನೆಗೆ ಹೋಗಿ ಪೋಷಕರ ಮನವೊಲಿಸಿ ಅವರು ಆ ಶಾಲೆಯನ್ನು ಬೆಳೆಸಿದರು.

ಇನ್ನು ನಮ್ಮ ಕನ್ನಡ ನಾಡಿಗೆ ಬರೋಣ. ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ. 1956ರಲ್ಲಿ ಕೇರಳಕ್ಕೆ ಸೇರುವ ಮೊದಲು ಅದು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಮನೆಮಾತು ಮಲಯಾಳಂ ಆದರೂ ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಆ ಭಾಗದಲ್ಲಿ ಪ್ರೌಢಶಾಲೆ ಮುಗಿಸಿದ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಅವರೂ ಒಬ್ಬರು. ಓದು ಅಲ್ಲಿಗೇ ನಿಂತು ಮದುವೆಯಾಯಿತು. 1963ರಲ್ಲಿ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ ಮೇಲೆಯೇ ಅವರ ಓದಿನ ಹಸಿವಿಗೆ ದಾರಿಯಾದದ್ದು. 1980ರ ದಶಕದ ಆರಂಭದಲ್ಲಿ, 4 ಮಕ್ಕಳ ತಾಯಿಯಾಗಿದ್ದ ಅವರು 'ಲಂಕೇಶ್ ಪತ್ರಿಕೆ'ಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬರೆದರು. ದೊಡ್ಡವರ ಹಟಕ್ಕೆ ಸಿಲುಕಿ ತಲಾಖ್ ಪಡೆದ ನಾದಿರಾಳ ಸಂಕಟವನ್ನು ಕನ್ನಡಿಗರೆಲ್ಲ ಓದಿದರು. ಸಮುದಾಯದ ಒಳಗಿನ ನೋವನ್ನು ಒಳಗಿನವರೇ ಹೇಳಿದ್ದು ಆ ಕಾದಂಬರಿಯ ವಿಶೇಷ. ಸಾರಾ ಅವರು 2023ರ ಜನವರಿ 10ರಂದು ನಿಧನರಾದರು.

ಹಾಸನದ ಬಾನು ಮುಷ್ತಾಕ್ ಅವರ ಕಥೆ ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ್ದು. 1948ರಲ್ಲಿ ಹುಟ್ಟಿದ ಅವರ ಮನೆಮಾತು ಉರ್ದು. 8 ವರ್ಷದ ಬಾನುವನ್ನು ತಂದೆ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲು ಹೋದಾಗ, 6 ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಲೇಬೇಕೆಂಬ ಷರತ್ತು ಹಾಕಿದರು. ಆದರೆ ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು! ಮುಂದೆ ಅವರು ಪತ್ರಿಕಾ ವರದಿಗಾರ್ತಿಯಾದರು, ಹಾಸನ ನಗರಸಭೆಯ ಸದಸ್ಯೆಯಾದರು, ವಕೀಲೆಯಾಗಿ ಹೆಣ್ಣುಮಕ್ಕಳ ಕಷ್ಟ ಕೇಳಿದರು. ಮಸೀದಿಯಲ್ಲಿ ಮಹಿಳೆಯರಿಗೆ ಪ್ರವೇಶ ಬೇಕೆಂದದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರವನ್ನೂ ಎದುರಿಸಿದರು. ಅವರ ಎಲ್ಲ ಅಭಿಪ್ರಾಯಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ; ಆದರೆ ಅವರ ಧೈರ್ಯವನ್ನು ಅಲ್ಲಗಳೆಯಲಾಗದು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಈ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು.

ಓದುಗ ಬಂಧುಗಳೇ, ಈ ಮೂವರಲ್ಲಿ ಯಾರೂ ತಮ್ಮ ಮನೆಯನ್ನಾಗಲಿ, ಸಮುದಾಯವನ್ನಾಗಲಿ ಬಿಟ್ಟು ಹೋದವರಲ್ಲ. ನಾಡಿನ ಭಾಷೆ ಕಲಿತದ್ದರಿಂದ ಅವರ ಮಾತು ನೆರೆಯವರಿಗೂ ಕಚೇರಿ ಕೋರ್ಟುಗಳಿಗೂ ಮುಟ್ಟಿತು. ಆ ಭಾಷೆ ಬಾರದಿದ್ದರೆ ನಮ್ಮ ಹೆಣ್ಣುಮಕ್ಕಳ ಪರವಾಗಿ ಯಾವಾಗಲೂ ಬೇರೆಯವರೇ ಮಾತನಾಡುತ್ತಾರೆ. ಉರ್ದು ನಮ್ಮ ಮನೆಯ ದೀಪ, ಅದು ಆರಬಾರದು. ಕನ್ನಡ ನಮ್ಮ ಮನೆಯ ಹೆಬ್ಬಾಗಿಲು, ಅದು ಮುಚ್ಚಬಾರದು.

ನನ್ನನ್ನು ಪ್ರಶ್ನಿಸಿದ ಆ ತಾಯಿ ಮೊನ್ನೆ ಮತ್ತೆ ಸಿಕ್ಕಿದ್ದರು. ಕೈಯಲ್ಲಿ ಕನ್ನಡದ ಅರ್ಜಿಯೊಂದಿತ್ತು. ಅದನ್ನು ಓದಿ ತುಂಬಿಸಿಕೊಟ್ಟವಳು ಅವರ ಮಗಳೇ. "ನಮ್ಮ ಹುಡುಗೀನೇ ಬರೆದಿದ್ದು ಮಿಸ್" ಎಂದಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು. ಆ ಹುಡುಗಿಯ ಓದು ಹತ್ತನೇ ತರಗತಿಗೆ ನಿಲ್ಲದಿರಲಿ ಎಂಬುದೇ ನನ್ನ ದುವಾ.

ದುವಾದ ಜೊತೆಗೆ ಪ್ರಯತ್ನವೂ ಬೇಕು. ಸಾರಾ ಅವರು ಗ್ರಂಥಾಲಯಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ನಮ್ಮ ಮಕ್ಕಳು ಕಾಯಬೇಕಾಗಿಲ್ಲ. ಈ ವರ್ಷ ಪ್ರತಿಯೊಂದು ಮನೆಯವರು ಒಬ್ಬ ಹುಡುಗಿಯನ್ನಾದರೂ ಸಾರ್ವಜನಿಕ ಗ್ರಂಥಾಲಯದ ಸದಸ್ಯೆಯನ್ನಾಗಿ ಮಾಡಿಸೋಣ.