ಪಕ್ಕದ ಮನೆಯ ಫೋನಿನಲ್ಲಿ ಬಂದ ನೌಕರಿ

ಅರ್ಜಿಯಲ್ಲಿ ದೂರವಾಣಿ ಸಂಖ್ಯೆಯ ಪಕ್ಕ ‘ಪಿ.ಪಿ.’ ಎಂದು ಬರೆಯುವ ಕಾಲವೊಂದಿತ್ತು. ಫೋನು ಅರ್ಜಿದಾರರದಲ್ಲ, ಪಕ್ಕದ ಮನೆಯದೋ ಬೀದಿಯ ಅಂಗಡಿಯದೋ. ದಯವಿಟ್ಟು ಕರೆಸಿ ಎಂದರ್ಥ. ಆಗಿನ್ನೂ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲೂಕಿನಲ್ಲಿದ್ದ ನ್ಯಾಮತಿಯಂಥ ಊರುಗಳ ಪದವೀಧರರಿಗೆ ದೂರದ ಕಂಪನಿ ಸಿಗುತ್ತಿದ್ದುದು ಇಂಥ ಎರವಲು ಫೋನಿನಲ್ಲಿ.

ಅದಕ್ಕೂ ಮುಂಚೆ ಟ್ರಂಕ್ ಕಾಲ್. ಬುಕ್ ಮಾಡಿ ಕಾಯಬೇಕು, ಸಿಕ್ಕರೆ ಕೂಗಿ ಮಾತಾಡಬೇಕು. ಅಂಥ ತಂತಿಯ ಮೇಲೆ ಸಂದರ್ಶನ ಯಾರು ನಡೆಸಿಯಾರು? ನೌಕರಿಯ ಸುದ್ದಿ ಅಂಚೆಯಣ್ಣನ ಚೀಲದಲ್ಲೇ ಬರುತ್ತಿತ್ತು.

ತಿರುವು ಕರ್ನಾಟಕದಲ್ಲೇ ಸಿಕ್ಕಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣ ಬೇಡದ, ಧೂಳು ಸೆಕೆ ತಾಳುವ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿ 1986ರಲ್ಲಿ ಮೊದಲು ಹೂಡಿದ್ದು ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿನ ಆ ಪೆಟ್ಟಿಗೆಗೆ ನಮ್ಮ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕು. ಅದರ ಬೆನ್ನಿಗೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು.

2000ದ ಹೊತ್ತಿಗೆ ಬೆಂಗಳೂರಿನ ಕಾಲ್ ಸೆಂಟರ್‌ಗಳಿಗೆ ಬೇಕಾದದ್ದು ದನಿಯೇ. ಪರೀಕ್ಷೆಯೂ ಫೋನಿನಲ್ಲೇ ಶುರುವಾಯಿತು. 2003ರ ಮೇ ತಿಂಗಳಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾದ ಮೇಲೆ ಊರಲ್ಲಿದ್ದೇ ಉತ್ತರಿಸುವುದು ಸುಲಭವಾಯಿತು.

ಕನ್ನಡ ಮಾಧ್ಯಮದಲ್ಲಿ ಓದಿದ ಹಲವರಿಗೆ ಇಲ್ಲಿ ತೊಡಕಾದದ್ದು ತಿಳಿವಳಿಕೆಯಲ್ಲ, ಮೌನ. ಎದುರು ಕೂತಿದ್ದರೆ ಯೋಚಿಸುವ ಮುಖ ಕಾಣುತ್ತದೆ; ಫೋನಿನಲ್ಲಿ ಅದೇ ಮೌನ ‘ಗೊತ್ತಿಲ್ಲ’ ಎಂದಂತೆ ಕೇಳುತ್ತದೆ. ‘ಒಂದು ಕ್ಷಣ ಯೋಚಿಸಿ ಹೇಳುತ್ತೇನೆ ಸರ್’ ಎಂದು ಬಾಯಿಬಿಟ್ಟು ಹೇಳುವುದು ಹೊಸ ವಿದ್ಯೆ. ಅದರ ಜೊತೆಗೆ ಕಣ್ಣೆದುರು ಸ್ವವಿವರದ ಹಾಳೆ, ಆರಿಸಿದ ಟಿವಿ, ಸಿಗ್ನಲ್ ಚೆನ್ನಾಗಿ ಸಿಗುವ ಮಾಳಿಗೆಯ ಮೂಲೆ.