ಬದುಕಿದ್ದರೆ ಸರಕಾರದ್ದು, ಬಿದ್ದರೆ ರೈತನದು

ವರದಾ ದಂಡೆಯ ಹೊಸರಿತ್ತಿಯೂ ಅದರ ಸುತ್ತಲಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳೂ 1956ರ ತನಕ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹೀಗಾಗಿ ಇಲ್ಲಿನ ಗಿಡಮರಗಳ ಹಣೆಬರಹ ಬರೆದದ್ದು 1879ರ ಮುಂಬಯಿ ಭೂಕಂದಾಯ ಸಂಹಿತೆ. ದಾರಿ ಬದಿಯ ಮರಗಳ ಬಗ್ಗೆ ಅದರಲ್ಲಿ ಒಂದು ಕಲಮು ಇದೆ. ಸರಕಾರದ ಅಪ್ಪಣೆಯಿಂದಲೋ ಖರ್ಚಿನಿಂದಲೋ ಬೆಳೆಸಿದ ಸಾಲುಮರ ಸರಕಾರದ್ದು. ಅದರ ಹಣ್ಣು-ಕಾಯಿ, ಸವರಿದ ಟೊಂಗೆ ಆ ಜಮೀನಿನ ಹಿಡುವಳಿದಾರನದು. ಆದರೆ ಟೊಂಗೆ ಸವರಬೇಕೆಂದರೆ ಕಲೆಕ್ಟರನ ಹುಕುಮು ಬೇಕು. ಮರ ಸತ್ತರೆ, ಗಾಳಿಗೆ ಬಿದ್ದರೆ, ಇಲ್ಲವೆ ಕಲೆಕ್ಟರನೇ ಕಡಿಸಿದರೆ ದಿಮ್ಮಿಯೂ ಹಿಡುವಳಿದಾರನಿಗೆ ಸಲ್ಲುತ್ತದೆ. ಮೇಲ್ನೋಟಕ್ಕೆ ಉದಾರವಾದ ಹಂಚಿಕೆ. ಆದರೆ ಮರ ಆರೋಗ್ಯದಿಂದ ನೇರವಾಗಿ ಸಾವಿಗೆ ಹೋಗುವುದಿಲ್ಲ. ಒಂದು ಹುಣಸೆಯ ಬುಡಕ್ಕೆ ಅಣಬೆ ಹತ್ತಿ, ತಿರುಳು ಕೊಳೆತು, ಪೊಟರೆ ಬಿದ್ದು, ಕೊನೆಗೊಂದು ದಿನ ಅದು ಉರುಳುವುದಕ್ಕೆ ಹಲವು ದಶಕಗಳೇ ಹಿಡಿಯಬಹುದು. ಜೀವಂತ ಮರಕ್ಕೆ ಒಬ್ಬ ಒಡೆಯನನ್ನೂ ಸತ್ತ ಮರಕ್ಕೆ ಇನ್ನೊಬ್ಬನನ್ನೂ ಗೊತ್ತುಮಾಡಿದ ಕಾನೂನು, ನಡುವಿನ ಆ ಕಾಯಿಲೆಯ ಕಾಲಕ್ಕೆ ಯಾರನ್ನೂ ಗೊತ್ತುಮಾಡಲಿಲ್ಲ. ಮನೆಯ ಮೇಲೆ ವಾಲಿದ ರೋಗದ ಮರ ನಮ್ಮ ಹಳ್ಳಿಗಳಲ್ಲಿ ಹಾಗೇ ಉಳಿಯುವುದಕ್ಕೆ ಜನರ ಅಜ್ಞಾನ ಅಥವಾ ಮೂಢನಂಬಿಕೆ ಕಾರಣ ಎನ್ನುವವರಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಈ ಖಾಲಿ ಜಾಗ ಎಂದು ನಾನು ವಾದಿಸುತ್ತೇನೆ.

ಇದಕ್ಕೊಂದು ಆಕ್ಷೇಪ ತಕ್ಷಣ ಏಳುತ್ತದೆ. ಸಾಲುಮರದ ಮಾತು ಸಾಲುಮರಕ್ಕೆ; ರೈತನ ಹೊಲದ ಗಿಡ ರೈತನದೇ ಆಗಿತ್ತಲ್ಲ? ನಿಜ. ಧಾರವಾಡ ಜಿಲ್ಲೆಯಲ್ಲಿ ವಿಂಗೇಟ್ ಸಾಹೇಬನ ಕಾಲದ ಭೂಮಾಪನ 1840ರ ದಶಕದಲ್ಲೇ ಆರಂಭವಾಗಿತ್ತು. ಮಾಪನ ಮುಗಿದ ಹಳ್ಳಿಗಳಲ್ಲಿ ಗಂಧ, ಸಾಗವಾನಿಯಂಥ ಕಾಯ್ದಿಟ್ಟ ಜಾತಿಗಳನ್ನು ಬಿಟ್ಟು ಹೊಲದ ಉಳಿದ ಮರಗಳ ಹಕ್ಕನ್ನು ಸರಕಾರ ಹಿಡುವಳಿದಾರರಿಗೆ ಬಿಟ್ಟುಕೊಟ್ಟಿತು. ಆದರೆ ಹೊಲದ ಗಿಡ ಬಿದ್ದರೆ ಬದು ಮುರಿದೀತು, ಹೆಚ್ಚೆಂದರೆ ಒಂದು ಸಾಲು ಜೋಳ ನೆಲಕಚ್ಚೀತು. ಮನೆಯ ಮೇಲೆ ಬೀಳುವ ಗಿಡ ಹೊಲದ್ದಲ್ಲ. ಅದು ಓಣಿಯದು, ಗುಡಿಯ ಮುಂದಿನ ಕಟ್ಟೆಯದು, ಹಳ್ಳಕ್ಕೆ ಹೋಗುವ ದಾರಿಯದು, ಸಾಲಿಯ ಅಂಗಳದ್ದು. ಎಲ್ಲರೂ ನೆರಳು ತೆಗೆದುಕೊಳ್ಳುವ, ಯಾರ ಹೆಸರೂ ಉತಾರದಲ್ಲಿ ಇಲ್ಲದ ಜಾಗ ಅದು. ಹೊಲದಲ್ಲಿ ಒಡೆತನ ಸ್ಪಷ್ಟವಾಯಿತು, ಅಪಾಯ ಇರುವಲ್ಲಿ ಮಸುಕಾಗಿಯೇ ಉಳಿಯಿತು.

ಮರಕ್ಕೂ ರೋಗ ಬರುತ್ತದೆ, ಅದಕ್ಕೆ ಮದ್ದು ಮಾಡಬಹುದು ಎಂಬ ತಿಳಿವಳಿಕೆ ಇಲ್ಲಿಗೆ ಇಂಗ್ಲಿಷರೊಂದಿಗೆ ಬಂದದ್ದೇನಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ: ಮೊದಲು ಆಯುಧದಿಂದ ಕೆಟ್ಟ ಭಾಗ ತೆಗೆದು, ವಾಯುವಿಳಂಗ, ತುಪ್ಪ, ಕೆಸರು ಕಲಸಿ ಬಳಿದು, ಹಾಲು ಬೆರೆಸಿದ ನೀರು ಹಾಕಬೇಕು ಎಂದು ಅದು ವಿಧಿಸುತ್ತದೆ. ಅದೇ ಗ್ರಂಥದ ವಾಸ್ತುವಿದ್ಯೆಯ ಭಾಗ ಮನೆಯ ಹತ್ತಿರ ಮುಳ್ಳಿನ ಗಿಡ, ಹಾಲು ಸುರಿಸುವ ಗಿಡ ಬೇಡವೆನ್ನುತ್ತದೆ. ಆಲ, ಅರಳಿ, ಅತ್ತಿ, ಬಸರಿ ಯಾವ ದಿಕ್ಕಿಗಿದ್ದರೆ ಕೇಡು ಎಂದೂ ಹೇಳುತ್ತದೆ. ಕಾರಣ ಶಕುನದ್ದಾದರೂ, ಗೋಡೆಯ ಸಂದಿಗೆ ಬೇರಿಳಿಸುವ ಈ ಜಾತಿಗಳನ್ನು ಕಂಡವರ ಅನುಭವ ಅದರ ಹಿಂದೆ ಇದ್ದಿರಲಿಕ್ಕೂ ಸಾಕು. ಕನ್ನಡದಲ್ಲೇ ಬೇಕೆಂದರೆ 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯ ಬರೆದ ‘ಲೋಕೋಪಕಾರ’ ಇದೆ. ಮನೆ ಕಟ್ಟುವುದು, ನೀರಿನ ಸೆಲೆ ಹುಡುಕುವುದರ ಜೊತೆಗೆ ವೃಕ್ಷಾಯುರ್ವೇದವೂ ಅದರ ವಿಷಯ. ಹಾವೇರಿಯ ಸಿದ್ಧೇಶ್ವರ ಗುಡಿ ಎದ್ದದ್ದೂ ಆ ಚಾಲುಕ್ಯರ ಯುಗದಲ್ಲೇ. ಆದರೂ ಇದನ್ನು ಹೊನ್ನಿನ ಯುಗವೆಂದು ಕೊಂಡಾಡಲು ನಾನು ಸಿದ್ಧನಿಲ್ಲ. ಹಾಲು-ತುಪ್ಪದ ಉಪಚಾರ ಅರಮನೆಯ ಉಪವನಕ್ಕೆ, ಉಳ್ಳವರ ಹಣ್ಣಿನ ತೋಟಕ್ಕೆ ಸಂದದ್ದೇ ಹೊರತು ಓಣಿಯ ಬೇವಿಗಲ್ಲ. ಮದ್ದಿನ ಗುಣವೂ ಅಷ್ಟಕ್ಕಷ್ಟೆ. ಮರ ನಮ್ಮ ಚರ್ಮದ ಹಾಗೆ ಗಾಯ ಮಾಯಿಸಿಕೊಳ್ಳುವುದಿಲ್ಲ, ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ ಎಂದು ಅಮೆರಿಕದ ಅಲೆಕ್ಸ್ ಶೈಗೋ 1970ರ ದಶಕದಲ್ಲಿ ತೋರಿಸಿಕೊಟ್ಟ. ಕೆಟ್ಟದ್ದನ್ನೆಲ್ಲ ಕೆರೆದು ತೆಗೆಯಹೊರಟರೆ ಆ ಗೋಡೆಯೇ ಒಡೆದು ಕೊಳೆ ಮುಂದಕ್ಕೆ ಹಬ್ಬುತ್ತದೆ.

ಹಳ್ಳಿಯ ಮರವನ್ನು ನಿಜವಾಗಿ ಕಾದದ್ದು ಶಾಸ್ತ್ರವಲ್ಲ, ಬಳಕೆ. ಆಯಗಾರರ ವ್ಯವಸ್ಥೆಯಲ್ಲಿ ಬಡಿಗನಿಗೆ ಸುಗ್ಗಿಯಲ್ಲಿ ಕಾಳಿನ ಆಯ ಸಿಗುತ್ತಿತ್ತು. ಪ್ರತಿಯಾಗಿ ಅವನು ಊರಿನ ರಂಟೆ, ಕುಂಟೆ, ಕೂರಿಗೆ, ಚಕ್ಕಡಿ ಮಾಡಿಕೊಡಬೇಕು. ಗಾಲಿಗೆ, ನೇಗಿಲಿಗೆ ಕರಿಜಾಲಿ. ಮಾಳಿಗೆಯ ಮನೆಯ ತೊಲೆ, ಜಂತಿ, ಕಂಬಗಳಿಗೆ ಬೇವು, ಮತ್ತಿ, ಸಿಕ್ಕರೆ ಸಾಗವಾನಿ. ಯಾವ ಗಿಡ ಎಷ್ಟು ಗಟ್ಟಿ, ಯಾವುದರ ಒಳಗೆ ಟೊಳ್ಳು ಎಂಬುದು ಅವನ ಅನ್ನದ ಪ್ರಶ್ನೆ. ಕೊಡಲಿಯ ಹಿಂಬದಿಯಿಂದ ಕಾಂಡ ತಟ್ಟಿ ದನಿ ಆಲಿಸುವುದು ಅವನ ಕಸುಬಿನ ಭಾಗ. ಆಡು-ಕುರಿಗೆ ತಪ್ಪಲು ಬೇಕಿದ್ದವರು, ಒಲೆಗೆ ಪುಳ್ಳೆ ಬೇಕಿದ್ದವರು ಒಣ ಟೊಂಗೆಯನ್ನು ಗಿಡದ ಮೇಲೆ ಉಳಿಯಗೊಡುತ್ತಿರಲಿಲ್ಲ. ಬಂದಣಿಕೆ ಹತ್ತಿದ ಕೊಂಬೆಯೂ ಕಡಿದು ಒಲೆ ಸೇರುತ್ತಿತ್ತು. ಕಲೆಕ್ಟರನ ಹುಕುಮು ಬಂದಿತೋ ಇಲ್ಲವೋ, ಸಣ್ಣ ಟೊಂಗೆಯ ಮೇಲೆ ಯಾವ ತಲಾಟಿಯೂ ವರ್ಷವಿಡೀ ಕಣ್ಣಿಡಲಾರ. ಹೀಗೆ ಮರದ ಭಾರ ತಾನಾಗಿಯೇ ಹಗುರಾಗುತ್ತಿತ್ತು. ಇದರಲ್ಲಿ ಮರದ ಮೇಲಿನ ಪ್ರೀತಿಯನ್ನು ಹುಡುಕಬೇಕಾಗಿಲ್ಲ. ಅತಿಯಾಗಿ ಸವರಿ ಗಿಡವನ್ನು ಬೋಳಿಸಿದ್ದೂ ಉಂಟು, ಬೋಳಿಸಿದ ಗಾಯದಿಂದಲೇ ಕೊಳೆ ಒಳಹೊಕ್ಕದ್ದೂ ಉಂಟು.

ಈ ಬಳಕೆ ಒಂದೊಂದಾಗಿ ಸವೆಯಿತು. ಬೆಳಗಾವಿ ಸೀಮೆಯ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂತು, ಆಮೇಲೆ ಟ್ರ್ಯಾಕ್ಟರು. ಹಳ್ಳಿಯ ವತನದ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು, ಆಯದ ಪದ್ಧತಿಯೂ ತೆಳುವಾಗುತ್ತ ಹೋಯಿತು. ಮಾಳಿಗೆ ಹೋಗಿ ತಗಡು, ಆರ್‌ಸಿಸಿ ಬಂದವು. ಒಲೆಯ ಜಾಗಕ್ಕೆ ಗ್ಯಾಸು. ಇವೆಲ್ಲ ಒಳ್ಳೆಯವೇ, ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡವರಿಗೆ ಗ್ಯಾಸಿನ ಬೆಲೆ ಗೊತ್ತು. ಆದರೆ ಮನೆ ಹತ್ತಿರದ ಗಿಡವನ್ನು ಹತ್ತಿ ನೋಡುವ ಕಾರಣ ಯಾರಿಗೂ ಉಳಿಯಲಿಲ್ಲ. ಕಾನೂನು ಬಿಟ್ಟ ಖಾಲಿ ಜಾಗವನ್ನು ಅಲ್ಲಿಯವರೆಗೆ ಬಳಕೆ ತುಂಬಿತ್ತು. ಬಳಕೆ ಹಿಂದೆ ಸರಿದ ಮೇಲೆ ಅದು ಎದ್ದು ಕಾಣತೊಡಗಿತು. ಎರೆಭೂಮಿಯ ಗುಣವೂ ಇದಕ್ಕೆ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎರೆ ಬಾಯ್ಬಿಟ್ಟಾಗ ಸಣ್ಣ ಬೇರುಗಳು ಹರಿಯುತ್ತವೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಬಿರುಗಾಳಿಯೊಂದಿಗೆ ಬಂದಾಗ ಅದೇ ನೆಲ ರಾಡಿಯಾಗಿ ಬೇರಿನ ಹಿಡಿತ ಸಡಿಲುತ್ತದೆ. ಬುಡ ಕೊಳೆತ ಗಿಡ ಹೋಗುವುದು ಆಗಲೇ.

ದೇವರ ಗಿಡ ಎಂಬ ಭಯವೇ ಕೊಡಲಿಯನ್ನು ತಡೆದದ್ದು, ಕಾನೂನಿನ ಮಾತು ಆಮೇಲಿನದು ಎನ್ನುವ ಆಕ್ಷೇಪವನ್ನೂ ಇಲ್ಲಿ ನೋಡಬೇಕು. ಅರಳಿಗೆ ಬೇವನ್ನು ಮದುವೆ ಮಾಡಿಸಿ, ನಾಗರಕಲ್ಲು ನಿಲ್ಲಿಸಿ, ಸುತ್ತ ಕಟ್ಟೆ ಕಟ್ಟಿದ ಮೇಲೆ ಅದನ್ನು ಕಡಿಯಲು ಕೈ ಬರುವುದಿಲ್ಲ, ಒಪ್ಪಿದೆ. ಆದರೆ ನಂಬಿಕೆ ಬೇಡವೆಂದದ್ದು ಕಡಿಯುವುದನ್ನು. ಒಣಗಿದ ಕೊಂಬೆ ತೆಗೆಯುವುದನ್ನೋ ಆಸರೆ ಕೊಡುವುದನ್ನೋ ಅಲ್ಲ. ವಾಸ್ತವವಾಗಿ ದೇವರ ಗಿಡಕ್ಕೆ ಓಣಿಯ ಗಿಡಕ್ಕಿಲ್ಲದ ಒಂದು ಅನುಕೂಲವಿದೆ: ಅದನ್ನು ದಿನಾ ಸುತ್ತುವವರಿದ್ದಾರೆ, ನೋಡುವ ಕಣ್ಣುಗಳಿವೆ. ಕೆಟ್ಟದ್ದು ಕಟ್ಟೆಯ ಬದಲಾದ ರೂಪದಿಂದ. ಒಣಕಲ್ಲಿನ ಹಳೆಯ ಕಟ್ಟೆಯ ಸಂದಿಯಲ್ಲಿ ನೀರು-ಗಾಳಿ ಆಡುತ್ತಿತ್ತು. ಈಚಿನ ಸಿಮೆಂಟಿನ ಕಟ್ಟೆ ಬುಡಕ್ಕೆ ಬಿಗಿಯಾಗಿ ಕೂತು, ತೊಗಟೆಯನ್ನು ಮಣ್ಣಿನಡಿ ಹೂಳಿ, ಮೇಲೆ ಟೈಲ್ಸನ್ನೂ ಹೊದೆಯುತ್ತದೆ. ಬಿಳಲು ಬಿಡುವ ಆಲ ಅದನ್ನು ಹೇಗೋ ಸಹಿಸೀತು. ಬೇವು ಸಹಿಸುವುದು ಕಷ್ಟ. ಭಕ್ತಿಯಿಂದ ಕಟ್ಟಿಸಿದ ಕಟ್ಟೆಯಡಿ ಬುಡ ಕೊಳೆಯುತ್ತಿದ್ದರೆ ಅದು ಯಾರ ಕಣ್ಣಿಗೂ ಬೀಳದು.

ಸರಕಾರಕ್ಕೆ ಮರದ ರೋಗದಲ್ಲಿ ಆಸಕ್ತಿಯೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಗಂಧದ ಮರವನ್ನು ಒಣಗಿಸುವ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ಕಂಡದ್ದೇ ತಡ, ಅರಣ್ಯಾಧಿಕಾರಿಗಳು ಎಚ್ಚೆತ್ತರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಯಿತು. ಗಂಧ ಬೊಕ್ಕಸದ ಮರ, ಆದ್ದರಿಂದ ಅದರ ಕಾಯಿಲೆ ರಾಜ್ಯದ ಕಾಯಿಲೆ. ಹಳ್ಳಿ ಕಂಡ ಸರಕಾರವೂ ಹೆಚ್ಚಾಗಿ ಈ ಬೊಕ್ಕಸದ ಮುಖದ್ದೇ: ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರು ಗುಂಡಿಗೆ ಎದೆಯೊಡ್ಡಿದ್ದು ಕಂದಾಯದ ಹಣ ಇಟ್ಟಿದ್ದ ತಾಣದ ಮೇಲಿನ ದಾಳಿಯಲ್ಲಿ. ಅದೇ ಕಂದಾಯ ಇಲಾಖೆಗೆ ಹೋಗಿ ‘ನಮ್ಮ ಓಣಿಯ ಬೇವು ಬುಡದಲ್ಲಿ ಕೊಳೆತಿದೆ’ ಎಂದು ಅರ್ಜಿ ಕೊಡುವ ಧೈರ್ಯ, ವಿಶ್ವಾಸ ಎಷ್ಟು ಜನಕ್ಕೆ ಇದ್ದೀತು? ಬೇವಿಗಂತೂ ಗಂಧದ ಭಾಗ್ಯ ಬರಲಿಲ್ಲ. ಫೋಮಾಪ್ಸಿಸ್ ಎಂಬ ಶಿಲೀಂಧ್ರದಿಂದ ಟೊಂಗೆಯ ತುದಿ ಒಣಗುವ ರೋಗ 1990ರ ದಶಕದ ಕೊನೆಗಷ್ಟೇ ಭಾರತದಲ್ಲಿ ವರದಿಯಾಯಿತು, ಕರ್ನಾಟಕದಲ್ಲೂ ಹಬ್ಬಿತು. ಮಳೆಗಾಲದ ಬಳಿಕ ಇಡೀ ನೆತ್ತಿ ಕಂದುಬಣ್ಣಕ್ಕೆ ತಿರುಗಿದ್ದನ್ನು ಕಂಡು ಗಿಡ ಸತ್ತಿತೆಂದು ಕಡಿಸಿದರೆ ಅದು ಆತುರ. ಎಷ್ಟೋ ಬೇವು ಮತ್ತೆ ಚಿಗುರುತ್ತವೆ. ನೋಡಲು ಹೆದರಿಕೆ ಹುಟ್ಟಿಸುವ ಈ ರೋಗ ಮನೆಗೆ ಅಪಾಯವಲ್ಲ, ಹಸಿರಾಗಿ ತೂಗುವ ಗಿಡದ ಬುಡದಲ್ಲಿ ಮೂಡಿದ ಒಂದು ಅಣಬೆ ಅಪಾಯ. ಇದನ್ನು ಹೇಳಬಲ್ಲವರು ಹಳ್ಳಿಗೆ ಬೇಕಿತ್ತು.

ಸ್ವಾತಂತ್ರ್ಯದ ನಂತರ ಈ ಖಾಲಿ ಜಾಗ ತುಂಬಿತೇ? 1964ರ ಭೂಕಂದಾಯ ಕಾಯ್ದೆ ಸಾಲುಮರದ ಹಳೆಯ ಸೂತ್ರವನ್ನೇ ಬಹುಮಟ್ಟಿಗೆ ಮುಂದುವರಿಸಿತು. ಕಲೆಕ್ಟರನ ಕುರ್ಚಿಯಲ್ಲಿ ಡೆಪ್ಯುಟಿ ಕಮಿಷನರು ಕೂತರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವುದನ್ನು ತಡೆಯಿತು. ಮರ ಸತ್ತಿದ್ದರೆ, ರೋಗಕ್ಕೆ ತುತ್ತಾಗಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ ಅನುಮತಿ ನಿರಾಕರಿಸಕೂಡದು ಎಂದು ಅದರಲ್ಲೇ ಇದೆ. ಇಷ್ಟು ಸ್ಪಷ್ಟ ಕಾನೂನಿದ್ದ ಮೇಲೆ ಇನ್ನೇನು ತಕರಾರು ಎಂದು ಯಾರಾದರೂ ಕೇಳಬಹುದು. ತಕರಾರು ಇಷ್ಟೇ: ಅದರ ಗಮನವೆಲ್ಲ ಕಡಿಯಬೇಕೋ ಬೇಡವೋ ಎಂಬಲ್ಲಿದೆ. ಕಡಿದವರು ಬದಲಿ ಸಸಿ ನೆಡಬೇಕೆಂದೂ ಹೇಳುತ್ತದೆ. ಅರ್ಧ ಕೊಳೆತ ಮರವನ್ನು ವರ್ಷಕ್ಕೊಮ್ಮೆ ನೋಡಿ, ಭಾರ ಇಳಿಸಿ, ಉಳಿಸಿಕೊಳ್ಳುವ ಹೊಣೆ ಮಾತ್ರ ಇಲ್ಲೂ ಯಾರ ಪಾಲಿಗೂ ಬರಲಿಲ್ಲ. ಹಾಗೆಂದು ಕಾಯ್ದೆಯೇ ಬೇಡವಾಗಿತ್ತು, ಹಳ್ಳಿಯ ವಿವೇಕಕ್ಕೆ ಬಿಟ್ಟಿದ್ದರೆ ಸಾಕಿತ್ತು ಎನ್ನುವವರ ಜೊತೆಗೂ ನಾನಿಲ್ಲ. ಅನುಮತಿಯ ರಗಳೆಯಿಲ್ಲದ ನೀಲಗಿರಿ, ಗಾಳಿಮರ, ಸುಬಾಬುಲ್ ಬದುವಿನಲ್ಲಿ ಹೆಚ್ಚಿ, ನಿಧಾನಕ್ಕೆ ಬೆಳೆಯುವ ಮರಗಳನ್ನು ನೆಡುವ ಉಮೇದು ಕುಗ್ಗಿದ್ದನ್ನು ನೋಡಿದರೆ ಬೇಗ ಬೆಳೆದು ಬೇಗ ಕಾಸಾಗುವುದರ ಸೆಳೆತ ಎಷ್ಟೆಂದು ತಿಳಿಯುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನೊಳಕ್ಕೂ ನೀಲಗಿರಿ ನುಗ್ಗಿತು, ಅದೂ ಸರಕಾರದ ಕೈಯಿಂದಲೇ.

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಭಾರಿ ಮರಗಳಿದ್ದವು. ಸವಣೂರು 1948ರ ತನಕ ನವಾಬರ ಸಂಸ್ಥಾನ, ಮುಂಬಯಿಯ ಸಂಹಿತೆ ಅಲ್ಲಿ ನೇರವಾಗಿ ಆಳಲಿಲ್ಲ. ಮಠದ ಆಸರೆಯಲ್ಲಿ ಮರಗಳು ಶತಮಾನಗಳನ್ನು ದಾಟಿದವು. 2023ರ ಮಳೆಗಾಲದಲ್ಲಿ ಒಂದು ಉರುಳಿತು. ಬಿದ್ದ ಮೇಲೆ ಅದನ್ನು ಯಂತ್ರಗಳಿಂದ ಎತ್ತಿ ನಿಲ್ಲಿಸಿ ಬದುಕಿಸುವ ಪ್ರಯತ್ನವೂ ನಡೆಯಿತು. ಆ ಶ್ರಮ ಮೆಚ್ಚುವಂಥದ್ದು, ಆದರೂ ಮರ ನೆಲಕ್ಕೆ ಬಿದ್ದಾಗಲೇ ಎಲ್ಲರ ಗಮನ ಅದರ ಮೇಲೆ ಬೀಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಾಗೆ ನೋಡಿದರೆ ಟೊಳ್ಳಾದ ಮರವೆಲ್ಲ ಬೀಳುವ ಮರವಲ್ಲ. ಉಳಿದ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದರಷ್ಟಾದರೂ ಇದ್ದರೆ ಮರ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ ಎಂಬ ಲೆಕ್ಕವನ್ನು ಜರ್ಮನಿಯ ಕ್ಲಾಸ್ ಮಾಟೆಕ್ ಕೊಟ್ಟಿದ್ದಾನೆ. ಅದರ ಬಗ್ಗೆ ವಾದಗಳಿದ್ದರೂ, ಅಳೆದು ನೋಡದೆ ಕೊಡಲಿ ಎತ್ತುವುದಕ್ಕಿಂತ ಅದು ಲೇಸು.

1973ರ ದಂಡಪ್ರಕ್ರಿಯಾ ಸಂಹಿತೆಯ 133ನೇ ಕಲಮಿಗೆ ಕಡಿಯುವುದೊಂದೇ ದಾರಿಯಲ್ಲ ಎಂಬ ವಿವೇಕ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 152ಕ್ಕೂ ಇದೆ: ಮರ ಬಿದ್ದು ಜನಕ್ಕೆ ಪೆಟ್ಟಾಗುವಂತಿದ್ದರೆ ಅದನ್ನು ತೆಗೆಸಲು, ಇಲ್ಲವೆ ಅದಕ್ಕೆ ಆಸರೆ ಕೊಡಿಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಆದರೆ ಆಜ್ಞೆ ಹೊರಡುವುದು ವರದಿಯೋ ಮಾಹಿತಿಯೋ ಬಂದರೆ, ಮತ್ತು ಅದು ಬರುವುದು ಬಹುತೇಕ ಹೆದರಿಕೆ ಹುಟ್ಟಿದ ಮೇಲೆ. ಪಂಚಾಯಿತಿಗೆ ಇದನ್ನೆಲ್ಲ ನಿಭಾಯಿಸಲು ಹಣವೆಲ್ಲಿ ಎಂಬುದು ಉಳಿದ ಆಕ್ಷೇಪ. ಓಣಿಯ ಗಿಡಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು, ಅಡ್ಡಮಳೆಗೆ ಮುಂಚೆ ಬುಡ-ಕವಲುಗಳನ್ನು ನೋಡಿ ಬರುವುದಕ್ಕೆ ದೊಡ್ಡ ಅನುದಾನ ಬೇಡ. ಸವರಿದ ಕಟ್ಟಿಗೆಯ ಹರಾಜಿನಿಂದಲೂ ಅಷ್ಟಿಷ್ಟು ಬರುತ್ತದೆ. ಸದ್ಯಕ್ಕೆ ಮನೆ ಹತ್ತಿರದ ಗಿಡಕ್ಕೆ ವರ್ಷ ವರ್ಷ ತಪ್ಪದೆ ಕೈಹಚ್ಚುವವರು ವಿದ್ಯುತ್ ಲೈನ್‌ಮನ್‌ಗಳು ಮಾತ್ರ. ಅವರ ಕೆಲಸ ತಂತಿ ಕಾಯುವುದು, ಆದ್ದರಿಂದ ರಸ್ತೆಯ ಮಗ್ಗುಲಿನ ಕೊಂಬೆ ಹೋಗುತ್ತದೆ, ಮನೆಯ ಮಗ್ಗುಲಿನದು ಉಳಿಯುತ್ತದೆ. ನಾಲ್ಕಾರು ಮಳೆಗಾಲ ಹೀಗೇ ಕಳೆದರೆ ಗಿಡದ ತೂಕವೆಲ್ಲ ಮನೆಯ ಕಡೆಗೇ ವಾಲಿರುತ್ತದೆ.