ಜೇಡಿಮಣ್ಣಿನೊಳಗಣ ಹರಳುಗಳು

ವಿಜಾಪುರದ ಕಡೆಯ ಎರೆನೆಲವನ್ನು ಬೇಸಗೆಯಲ್ಲಿ ಕಂಡವರು ಅದರ ಬಿರುಕುಗಳನ್ನು ಮರೆಯಲಾರರು. ಹಾಗೆ ಬಾಯ್ದೆರೆದ ನೆಲವೇ ಮಳೆ ಬಿದ್ದಾಗ ಉಬ್ಬಿ, ಬಿರುಕು ಮುಚ್ಚಿ, ಗಾಡಿಯ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಕೋಲಾರದ ಕಡೆಯ ಕೆಂಪು ನೆಲವು ಹೀಗೆ ವರ್ತಿಸುವುದಿಲ್ಲ. ಎರಡರಲ್ಲಿಯೂ ಜೇಡಿಯುಂಟು, ಸ್ವಭಾವ ಮಾತ್ರ ಬೇರೆ. ಈ ಭೇದವನ್ನು ನಮ್ಮ ರೈತರು ಬಹುಕಾಲದಿಂದ ಬಲ್ಲರು. ಅದರ ಕಾರಣವು ತಿಳಿದುಬಂದ ಬಗೆಯನ್ನು ಈಗ ವಿಚಾರಿಸೋಣ.

1850ರಲ್ಲಿ ಇಂಗ್ಲೆಂಡಿನ ಥಾಮ್ಸನ್ ಎಂಬವರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಅಮೋನಿಯಂ ಸಲ್ಫೇಟನ್ನು ಬೆರೆಸಿದ ಮಣ್ಣಿನ ಮೂಲಕ ನೀರನ್ನು ಇಳಿಸಿದರೆ, ಅಮೋನಿಯವು ಬಹುಮಟ್ಟಿಗೆ ಮಣ್ಣಿನಲ್ಲಿಯೇ ಉಳಿದು, ಅದಕ್ಕೆ ಬದಲಾಗಿ ಸುಣ್ಣದ ಅಂಶವು ಹೊರಬರುತ್ತಿತ್ತು. ಥಾಮಸ್ ವೇ ಎಂಬ ರಸಾಯನಜ್ಞರು ಪರೀಕ್ಷೆಯನ್ನು ಮುಂದುವರಿಸಿ, ಈ ಕೊಡುಕೊಳ್ಳುವ ಶಕ್ತಿಯು ಮರಳಿನದಲ್ಲ, ಜೇಡಿಯದು ಎಂದು ತೋರಿಸಿದರು. ಆದರೆ 0.002 ಮಿಲಿಮೀಟರಿಗಿಂತಲೂ ಸಣ್ಣದಾದ ಆ ಕಣಗಳ ಒಳಗನ್ನು ಕಾಣುವ ಕಣ್ಣು ಆಗ ಯಾರಿಗೂ ಇರಲಿಲ್ಲ. ಜೇಡಿಯು ಆಕಾರವಿಲ್ಲದ ಅಂಟು ಎಂದೇ ಅನೇಕರು ಬಗೆದರು.

ಆ ಕಣ್ಣನ್ನು ಒದಗಿಸಿದುದು ಕ್ಷ-ಕಿರಣ. ಹರಳುಗಳು ಅದನ್ನು ನಿಯಮಬದ್ಧವಾಗಿ ಚದರಿಸುತ್ತವೆಂದು 1912ರಲ್ಲಿ ಜರ್ಮನಿಯ ಲಾವೆ ಮತ್ತು ಅವರ ಸಂಗಡಿಗರು ಕಂಡುಕೊಂಡರು. 1923ರಲ್ಲಿ ಸ್ವೀಡನ್ನಿನ ಹ್ಯಾಡಿಂಗ್, ಮರುವರ್ಷ ಜರ್ಮನಿಯ ರಿನ್ನೆ, ಜೇಡಿಯನ್ನು ಈ ಪರೀಕ್ಷೆಗೆ ಒಡ್ಡಿದಾಗ ಅದೂ ಹರಳೇ ಎಂಬುದು ಗೊತ್ತಾಯಿತು. 1930ರಲ್ಲಿ ಅಮೆರಿಕದ ಹೆಂಡ್ರಿಕ್ಸ್ ಮತ್ತು ಫ್ರೈ ಹೊಲದ ಮಣ್ಣಿನ ಜೇಡಿಯಲ್ಲಿಯೂ ಅದನ್ನೇ ಕಂಡರು.

ಈ ಹರಳುಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿವೆ. ಸಿಲಿಕಾನ್ ಮತ್ತು ಆಮ್ಲಜನಕದ ಒಂದು ಹಾಳೆ, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಇನ್ನೊಂದು ಹಾಳೆ ಕೂಡಿದರೆ ಕೆಯೊಲಿನೈಟಿನ ಪದರವಾಗುತ್ತದೆ. ಇದರ ಪದರಗಳು ಬಿಗಿಯಾಗಿ ಹೊಂದಿರುವುದರಿಂದ ನಡುವೆ ನೀರು ನುಗ್ಗದು. ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವುದು ಇದು. ಎರೆಮಣ್ಣಿನಲ್ಲಿ ಪ್ರಧಾನವಾದುದು ಮಾಂಟ್‌ಮೊರಿಲೊನೈಟಿನ ಬಳಗ. ಇಲ್ಲಿ ಅಲ್ಯೂಮಿನಿಯಮ್ಮಿನ ಹಾಳೆಯು ಎರಡು ಸಿಲಿಕಾನ್ ಹಾಳೆಗಳ ನಡುವೆ ಸಿಕ್ಕಿದೆ. ಪದರಕ್ಕೂ ಪದರಕ್ಕೂ ಇರುವ ಹಿಡಿತ ಸಡಿಲ. ನೀರು ಒಳಹೊಕ್ಕು ಅವನ್ನು ಅಗಲಿಸುತ್ತದೆ. ಕೆಲವು ಅಲ್ಯೂಮಿನಿಯಂ ಪರಮಾಣುಗಳ ಜಾಗದಲ್ಲಿ ಮೆಗ್ನೀಸಿಯಂ ಕುಳಿತಿರುವುದರಿಂದ ಪದರಕ್ಕೆ ಋಣ ವಿದ್ಯುತ್ತು ಬಂದು, ಸುಣ್ಣ, ಪೊಟ್ಯಾಸಿಯಂ, ಅಮೋನಿಯಗಳನ್ನು ಅದು ಹಿಡಿದಿಡುತ್ತದೆ. ನೂರು ಗ್ರಾಂ ಕೆಯೊಲಿನೈಟಿನ ಹಿಡಿಯುವ ಶಕ್ತಿ 3ರಿಂದ 15 ಮಿಲಿತುಲ್ಯಾಂಕಗಳಾದರೆ, ಇದರದು 80ರಿಂದ 150. ಥಾಮ್ಸನ್ನರ ಅಮೋನಿಯ ಎಲ್ಲಿ ಅಡಗಿತೆಂಬುದಕ್ಕೆ ಇದೇ ಉತ್ತರ.

ಬಂಡೆಯೂ ನೀರೂ ಕೂಡಿ ಈ ಭೇದವನ್ನು ಉಂಟುಮಾಡಿವೆ. ಕಣಶಿಲೆಯ ಮೇಲೆ ಬಿದ್ದ ಮಳೆಯು ಚೆನ್ನಾಗಿ ಬಸಿದುಹೋಗಿ ಸುಣ್ಣವನ್ನೂ ಸಿಲಿಕವನ್ನೂ ತೊಳೆದೊಯ್ದಲ್ಲಿ ಕೆಯೊಲಿನೈಟು ಉಳಿಯುತ್ತದೆ. ಮಳೆ ಕಡಿಮೆಯಾಗಿ, ನೀರು ನಿಧಾನವಾಗಿ ಬಸಿಯುವ ಕಪ್ಪುಶಿಲೆಯ ಬಯಲಿನಲ್ಲಿ ಆ ಅಂಶಗಳು ಉಳಿದು ಮಾಂಟ್‌ಮೊರಿಲೊನೈಟು ಹುಟ್ಟುತ್ತದೆ.

ಆದುದರಿಂದ ಎರಡು ನೆಲಗಳಿಗೂ ಒಂದೇ ಗೊಬ್ಬರದ ಲೆಕ್ಕ, ಒಂದೇ ನೀರಿನ ಲೆಕ್ಕ ಸಲ್ಲದು. ಕೆಂಪು ನೆಲಕ್ಕೆ ಒಮ್ಮೆಗೇ ಸುರಿದ ಗೊಬ್ಬರವು ಮಳೆಯೊಡನೆ ಕೊಚ್ಚಿಹೋಗಬಹುದು. ಎರೆನೆಲಕ್ಕೆ ಅತಿಯಾಗಿ ಹಾಯಿಸಿದ ನೀರು ಬೇರನ್ನು ಉಸಿರುಗಟ್ಟಿಸಬಹುದು. ಇದಕ್ಕಿಂತಲೂ ದೊಡ್ಡ ಮಾತೊಂದುಂಟು. ಬಂಡೆಯು ಜೇಡಿಯಾಗಲು ಸಾವಿರಾರು ವರ್ಷಗಳು ಬೇಕು. ಒಡ್ಡಿಲ್ಲದ ಇಳಿಜಾರಿನ ಹೊಲದಿಂದ ಅದು ಕೆಲವೇ ಮಳೆಗಾಲಗಳಲ್ಲಿ ಹೊಳೆಯ ಪಾಲಾಗುತ್ತದೆ. ಹೋದ ಬೆಳೆಯನ್ನು ಮರುವರ್ಷ ಪಡೆಯಬಹುದು. ಹೋದ ಮಣ್ಣನ್ನು ನಮ್ಮ ಮೊಮ್ಮಕ್ಕಳೂ ಪಡೆಯಲಾರರು.